ಬಾಡಿಗೆ ಕಾಯ್ದೆ: ಬೈಯುವ ಮೊದಲು ಇಸವಿ ನೋಡಿ

ಪ್ರಶ್ನೆ: ಬ್ರಿಟಿಷರು 1918ರಲ್ಲಿ ಮುಂಬೈ ಬಾಡಿಗೆಗೆ ಕಡಿವಾಣ ಹಾಕಿದ್ದರಿಂದಲೇ ಮನೆ ಕಟ್ಟುವವರು ಹಿಂದೆ ಸರಿದರಂತೆ. ಇವತ್ತಿನ ಪುಡಿಗಾಸು ಬಾಡಿಗೆಯ ಚಾಳುಗಳಿಗೂ (ಸಾಲು ಕೋಣೆಗಳ ಬಾಡಿಗೆ ವಠಾರಗಳಿಗೂ) ಅದೇ ಕಾರಣವಂತೆ. ಹೌದೇ?

ಉತ್ತರ: ಅಲ್ಲ. ಎಷ್ಟು ಸಲ ಹೇಳಿದರೂ 1918ರದು, 1947ರದು ಎಂಬ ಎರಡು ಕಾಯ್ದೆಗಳನ್ನು ಕಲಸಿ ಒಂದೇ ಮಾಡಿ ಕೇಳುತ್ತಾರೆ.

ಮೊದಲು ನಿಂತುಹೋದದ್ದು ಮನೆ ಕಟ್ಟುವ ಕೆಲಸ, ಆಮೇಲೆ ಬಂದದ್ದು ಕಾಯ್ದೆ. ಮೊದಲ ಮಹಾಯುದ್ಧದಲ್ಲಿ ಉಕ್ಕು, ಮರಮುಟ್ಟು ಕೈಗೆಟುಕದಷ್ಟು ತುಟ್ಟಿಯಾದವು. ಅದೇ ಹೊತ್ತಿಗೆ ಗಿರಣಿಗಳಿಗೆ ಸುಗ್ಗಿ. 1911ರಲ್ಲಿ 9.79 ಲಕ್ಷವಿದ್ದ ಊರಿನ ಜನ 1921ಕ್ಕೆ 11.76 ಲಕ್ಷವಾದರು. ಪ್ಲೇಗಿನ ನಂತರ 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ (ನಗರ ಸುಧಾರಣಾ ಸಂಸ್ಥೆ) ಬೇರೆ ಇಕ್ಕಟ್ಟಿನ ವಠಾರಗಳನ್ನು ಕೆಡವುತ್ತ ಬಂದಿತ್ತು.

ಆಗಿನ ಚರ್ಚೆಯ ತಿರುಳು ಇಷ್ಟು. ಬಾಡಿಗೆ ಕಟ್ಟಿಹಾಕಿದರೆ ಯಾರೂ ಹೊಸ ಮನೆ ಕಟ್ಟುವುದಿಲ್ಲ ಎಂಬುದು ಮಾಲೀಕರ ವಾದ. ಹೇಗೂ ಯಾರೂ ಕಟ್ಟುತ್ತಿಲ್ಲ, ಏರಿದ ಬಾಡಿಗೆಯಿಂದ ಒಂದು ಖೋಲಿಯೂ (ಕೋಣೆಯೂ) ಹೆಚ್ಚುವುದಿಲ್ಲ, ಕೂಲಿಯವರೂ ಗುಮಾಸ್ತರೂ ಸಂಬಳ ಹೆಚ್ಚಿಸಿ ಎನ್ನುತ್ತಾರೆ ಅಷ್ಟೆ ಎಂಬುದು ಎದುರು ವಾದ. ಎರಡನೆಯದು ಗೆದ್ದಿತು, ಆದರೆ ತಾತ್ಕಾಲಿಕವಾಗಿ. 1918ರ ಕಾಯ್ದೆಯ ಹೆಸರಿನಲ್ಲೇ 'ಯುದ್ಧಕಾಲದ ನಿರ್ಬಂಧ' ಎಂದಿತ್ತು. 1916ರ ಜನವರಿ 1ರಂದು ಖೋಲಿಗೆ ಎಷ್ಟಿತ್ತೋ ಅದೇ ಸ್ಟ್ಯಾಂಡರ್ಡ್ ರೆಂಟ್, ಅಂದರೆ ಕಾಯ್ದೆ ಒಪ್ಪುವ ಬಾಡಿಗೆ. ಅಂದು 5 ರೂಪಾಯಿ ಇದ್ದು ಈಗ 8 ಕೇಳಿದರೆ, ಮೇಲಿನ 3 ಕೊಡಬೇಕಿಲ್ಲ. ಅಂದು ಖಾಲಿಯಿದ್ದರೆ ಅದಕ್ಕೂ ಹಿಂದಿನ ಬಾಡಿಗೆ ಲೆಕ್ಕಕ್ಕೆ.

ಮನೆ ಕಟ್ಟುವ ಕೆಲಸವನ್ನು ಗವರ್ನರ್ ಜಾರ್ಜ್ ಲಾಯ್ಡ್ ಸರ್ಕಾರವೇ ತಲೆಯ ಮೇಲೆ ಹೊತ್ತುಕೊಂಡಿತು. 1920ರಲ್ಲಿ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಬಂತು, ಹತ್ತಿಯ ಒಂದೊಂದು ಬೇಲ್‌ಗೆ (ಮೂಟೆಗೆ) 1 ರೂಪಾಯಿ ತೆರಿಗೆ ಹಾಕಿತು. 50,000 ಖೋಲಿ ಎಂದು ಹೊರಟು 207 ಚಾಳು, ಸುಮಾರು 16,000 ಖೋಲಿಗೆ ನಿಂತಿತು. ಅದರಲ್ಲೂ ವರ್ಲಿಯವು ಬಹುಕಾಲ ಖಾಲಿ ಹೊಡೆದವು: ಗಿರಣಿ ದೂರ, ಬಾಡಿಗೆ ಜಾಸ್ತಿ, ಗಾಳಿ ಬೆಳಕು ಕಡಿಮೆ. 1931ಕ್ಕೆ ಊರಿನ ಜನವೇ 11.61 ಲಕ್ಷಕ್ಕೆ ಇಳಿದಿತ್ತು. ಅಷ್ಟರಲ್ಲಾಗಲೇ ಹಳೆಯ ಕಾಯ್ದೆ ಹೋಗಿತ್ತು.

ನೀವು ಬೈಯಬೇಕಾದ ದಿನಾಂಕ 1940ರ ಸೆಪ್ಟೆಂಬರ್ 1. ಎರಡನೇ ಮಹಾಯುದ್ಧದಲ್ಲಿ ಊರು ಮತ್ತೆ ಉಬ್ಬಿದಾಗ ಹಿಡಿದ ಆ ಗಡಿಯನ್ನು, ಅಂದರೆ ಅಂದಿನ ಬಾಡಿಗೆಯೇ ಮಿತಿ ಎಂಬುದನ್ನು, 1947ರ ಕಾಯ್ದೆ ಗಟ್ಟಿಮಾಡಿತು. ತಪ್ಪಾದದ್ದು ಎರಡು ಕಡೆ. ಅಂದಿನ ನಂತರ ಮೊದಲ ಸಲ ಬಾಡಿಗೆಗೆ ಕೊಟ್ಟ ಖೋಲಿಗೆ ಆ ಮೊದಲ ಬಾಡಿಗೆಯೇ ಸ್ಟ್ಯಾಂಡರ್ಡ್. ಹಾಗಾಗಿ ಹೊಸ ಮಾಲೀಕ ಶುರುವಿನಲ್ಲೇ ದೊಡ್ಡ ಮೊತ್ತ ಕೂಗಿದ. ಹಳೆಯ ಖೋಲಿಯ ಮಾಲೀಕ ಬಾಡಿಗೆ ಏರಿಸಲಾಗದೆ ಬೀಗದ ಕೈ ಕೊಡುವಾಗಲೇ ಇಡಿಗಂಟು ಕೇಳಿದ. ಅದೇ ಪಗಡಿ. ಕಾಯ್ದೆ ಅದನ್ನು ಅಪರಾಧ ಎಂದಿತು, ರಸೀದಿಯಲ್ಲಿ ಅದು ಕಾಣಿಸಲೇ ಇಲ್ಲ.

ಅಜ್ಜನ ಕಾಲದ ರಸೀದಿ ಇದ್ದವರು ಮೂಲ ಬಾಡಿಗೆಯನ್ನೂ ತೆರಿಗೆಗೆಂದು ಸೇರಿಸಿದ 'ಪರ್ಮಿಟೆಡ್ ಇನ್‌ಕ್ರೀಸ್' ಅನ್ನೂ ಬೇರೆ ಬೇರೆ ಓದಿಕೊಳ್ಳಿ. ಎರಡನ್ನೂ ಕೂಡಿಸಿ 'ಬಾಡಿಗೆ ಏರಿತ್ತಲ್ಲ' ಎಂದು ವಾದಕ್ಕೆ ಬರಬೇಡಿ. ಈ ಹಳೆಯ ಗಡಿ ನ್ಯಾಯವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1997ರ ಡಿಸೆಂಬರ್‌ನಲ್ಲಿ. ವರ್ಷಕ್ಕೆ ಶೇ 4ರ ಏರಿಕೆ ಬಂದದ್ದು 1999ರ ಕಾಯ್ದೆಯಿಂದ.

ಪ್ರಶ್ನೆ: ಮುಂಬೈ ಕಾಯ್ದೆ ಬೆಂಗಳೂರಿಗೂ ಇತ್ತೇ?

ಉತ್ತರ: ಇಲ್ಲ, ಮೈಸೂರು ಬೇರೆ ಸಂಸ್ಥಾನ. ಧಾರವಾಡ, ಬೆಳಗಾವಿ ಕಡೆಗೆ ಇತ್ತು, 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬರುವ ತನಕ.

ಪ್ರಶ್ನೆ: ಪಗಡಿ ಕೊಟ್ಟರೆ ಖೋಲಿ ನಮ್ಮದೇ ಆಗುತ್ತದೆಯೇ?

ಉತ್ತರ: ಆಗುವುದಿಲ್ಲ. ಸಿಗುವುದು ಬಾಡಿಗೆದಾರನ ಹಕ್ಕು. 1999ರ ಕಾಯ್ದೆ ಪಗಡಿಯನ್ನು ಸಕ್ರಮ ಮಾಡಿತೇ ಹೊರತು ಮಾಲೀಕತ್ವ ಕೊಡಲಿಲ್ಲ. 'ಓನರ್‌ಶಿಪ್ ಇದ್ದ ಹಾಗೇ ಸಾರ್' ಎನ್ನುವ ಏಜೆಂಟನ ಕೈಗೆ ಮುಂಗಡ ಹಾಕುವ ಮೊದಲು, ಹೊಸ ಹೆಸರಿಗೆ ಬಾಡಿಗೆ ರಸೀದಿ ಕೊಡುತ್ತೇನೆಂದು ಮಾಲೀಕನಿಂದಲೇ ಬರೆಸಿಕೊಳ್ಳಿ.