ರಾಕೆಟ್ ಹೋದ ಮೇಲೆ ಆಕಾಶದಲ್ಲಿ ತೂತು ಬೀಳುತ್ತದಾ?

ಪ್ರಶ್ನೆ: ರಾಕೆಟ್ ವಾಯುಮಂಡಲವನ್ನು ಸೀಳಿಕೊಂಡು ಹೊರಗೆ ಹೋದಾಗ ಅಲ್ಲಿ ತೂತು ಬೀಳುವುದಿಲ್ಲವೇ? ಒಳಗಿನ ಗಾಳಿ ಅದರ ಮೂಲಕ ಸೋರಿಹೋಗುವುದಿಲ್ಲವೇ?

ಉತ್ತರ: ತುಂಬಾ ಜನ ಮನಸ್ಸಿನಲ್ಲೇ ಇಟ್ಟುಕೊಂಡು ಕೇಳಲು ಹಿಂಜರಿಯುವ ಪ್ರಶ್ನೆ ಇದು. ಕೇಳಿದ್ದು ಒಳ್ಳೆಯದಾಯಿತು.

ಸೋರುವುದಿಲ್ಲ. ಸೋರಬೇಕಾದರೆ ಗಾಳಿಯನ್ನು ಹಿಡಿದಿಟ್ಟ ಹೊದಿಕೆ ಅಂತ ಒಂದು ಇರಬೇಕು, ಅಲ್ವಾ? ಅಂಥದ್ದು ಮೇಲೆ ಯಾವುದೂ ಇಲ್ಲ. ಗಾಳಿಗೂ ತೂಕವಿದೆ, ಭೂಮಿ ಅದನ್ನು ತನ್ನತ್ತ ಎಳೆದುಕೊಂಡಿದೆ, ಅಷ್ಟೇ. ಚಿತ್ರಗಳಲ್ಲಿ ಭೂಮಿಯ ಸುತ್ತ ನೀಲಿ ಉಂಗುರ ಬರೆದು ಅದರಾಚೆ ಒಮ್ಮೆಲೇ ಕಪ್ಪು ಬಳಿದಿರುತ್ತಾರಲ್ಲ, ಈ ಗೊಂದಲಕ್ಕೆ ಅದೇ ಮೂಲ ಅನ್ನಿಸುತ್ತದೆ ನನಗೆ. ನಿಜವಾಗಿ ಗಾಳಿ ಮೇಲೆ ಹೋದಂತೆಲ್ಲ ತೆಳ್ಳಗಾಗುತ್ತಾ ಹೋಗುತ್ತದೆ. ಒಟ್ಟು ಗಾಳಿಯ ಅರ್ಧದಷ್ಟು ಮೊದಲ ಐದೂವರೆ ಕಿಲೋಮೀಟರಿನೊಳಗೇ ಇದೆ. 30 ಕಿ.ಮೀ. ಏರಿದರೆ ಶೇ. 99ರಷ್ಟು ನಮ್ಮ ಕೆಳಗೆ ಉಳಿದಿರುತ್ತದೆ. 100 ಕಿ.ಮೀ. ಎತ್ತರಕ್ಕೆ ಕಾರ್ಮಾನ್ ರೇಖೆ ಎಂದು ಹೆಸರಿಟ್ಟು ಅದರಾಚೆಗೆ ಬಾಹ್ಯಾಕಾಶ ಅನ್ನುತ್ತೇವೆ. ಅಮೆರಿಕದಲ್ಲಿ 80 ಕಿ.ಮೀ. ದಾಟಿದರೂ ಸಾಕು, ಗಗನಯಾತ್ರಿ ಎಂದು ಒಪ್ಪುತ್ತಾರೆ. ಎರಡೂ ಲೆಕ್ಕಕ್ಕೆಂದು ನಾವೇ ಎಳೆದುಕೊಂಡ ಗೆರೆಗಳು. ರಾಕೆಟ್ ಹಾದುಹೋದ ಜಾಗವನ್ನು ಅಕ್ಕಪಕ್ಕದ ಗಾಳಿ ತಕ್ಷಣ ತುಂಬಿಕೊಳ್ಳುತ್ತದೆ.

ಆದರೂ ತೂತಿನ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ತುಂಬಾ ಮೇಲೆ, ಸೂರ್ಯನ ಕಿರಣಗಳ ಏಟಿಗೆ ಎಲೆಕ್ಟ್ರಾನ್ ಕಳಚಿಹೋದ ಕಣಗಳ ಪದರವೊಂದಿದೆ. ಅದಕ್ಕೆ ಅಯಾನುಗೋಳ ಅನ್ನುತ್ತಾರೆ. ರಾಕೆಟ್ ಉಗುಳುವ ನೀರಾವಿ ಅಲ್ಲಿ ಸೇರಿಕೊಂಡರೆ ಆ ಬಿಡಿ ಎಲೆಕ್ಟ್ರಾನ್‌ಗಳು ಕಣಗಳ ಜೊತೆ ಬೇಗ ಕೂಡಿಕೊಂಡು ಮಾಯವಾಗುತ್ತವೆ. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಅನ್ನು ಹಾರಿಸಿದಾಗ ಹೀಗೇ ಆಯಿತು. 2017ರ ಆಗಸ್ಟಿನಲ್ಲಿ ತೈವಾನಿನ ಉಪಗ್ರಹ ಹೊತ್ತ ಫಾಲ್ಕನ್ 9 ರಾಕೆಟ್ ಸುಮಾರು 900 ಕಿ.ಮೀ. ಅಗಲದ ಇಂಥ ತೂತು ಮಾಡಿತು. ಅದು ಎಲೆಕ್ಟ್ರಾನ್‌ಗಳ ತೂತು, ಗಾಳಿಯದ್ದಲ್ಲ. ಕೆಲವು ಗಂಟೆಗಳಲ್ಲಿ ತಾನೇ ಮುಚ್ಚಿಕೊಂಡಿತು.

ಪ್ರಶ್ನೆ: ಬರೀ 100 ಕಿ.ಮೀ. ದಾಟಲು ಅಷ್ಟೊಂದು ಇಂಧನ ಯಾಕೆ ಬೇಕು? ಗಾಳಿಯೇ ಇಲ್ಲದ ಕಡೆ ರಾಕೆಟ್ ಯಾವುದನ್ನು ಒತ್ತಿ ಮುಂದೆ ಹೋಗುತ್ತದೆ?

ಉತ್ತರ: ಗಾಳಿಯಿಂದ ಹೊರಗೆ ಬರುವುದು ಇದರಲ್ಲಿ ಸುಲಭದ ಭಾಗ. ದೊಡ್ಡ ರಾಕೆಟ್ಟುಗಳು ಮೂರು-ನಾಲ್ಕು ನಿಮಿಷದಲ್ಲಿ ಆ ಎತ್ತರ ದಾಟುತ್ತವೆ. ಕಷ್ಟ ಇರುವುದು ಅಲ್ಲೇ ಉಳಿಯುವುದರಲ್ಲಿ. ಸುಮ್ನೆ ನೆಟ್ಟಗೆ ಮೇಲಕ್ಕೆ ಹೋದ ವಸ್ತು ಎಷ್ಟು ಎತ್ತರದಿಂದಾದರೂ ವಾಪಸ್ ಬೀಳುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಮೇಲೆ. ಅಲ್ಲಿಯೂ ನೆಲದ ಮೇಲಿನ ಗುರುತ್ವದ ಶೇ. 90ರಷ್ಟು ಇದ್ದೇ ಇದೆ! ಅದು ಬೀಳದೆ ಇರುವುದು ಪಕ್ಕಕ್ಕೆ ಓಡುತ್ತಿರುವ ವೇಗದಿಂದ. ಕಲ್ಲನ್ನು ಅಡ್ಡಕ್ಕೆ ಜೋರಾಗಿ ಎಸೆದಷ್ಟೂ ದೂರ ಹೋಗಿ ಬೀಳುತ್ತದಲ್ಲ, ಸೆಕೆಂಡಿಗೆ 7.7 ಕಿ.ಮೀ. ವೇಗದಲ್ಲಿ ಎಸೆದರೆ ಅದು ಬೀಳುವಷ್ಟರಲ್ಲಿ ಭೂಮಿಯೂ ಅಷ್ಟೇ ಬಾಗಿರುತ್ತದೆ, ಹೀಗಾಗಿ ಬೀಳುತ್ತಲೇ ಸುತ್ತು ಹೊಡೆಯುತ್ತದೆ. ಇಂಧನದ ಬಹುಪಾಲು ಈ ಅಡ್ಡ ವೇಗಕ್ಕೇ ಖರ್ಚು. ಚಂದ್ರಯಾನ-3 ನೌಕೆಯ ತೂಕ 3.9 ಟನ್, ಅದನ್ನು ಹೊತ್ತ ಎಲ್‌ವಿಎಂ3 ರಾಕೆಟ್ಟಿನ ತೂಕ ಸುಮಾರು 640 ಟನ್.

ಮುಂದಿನ ಸಲ ಉಡಾವಣೆಯ ವಿಡಿಯೊ ನೋಡುವಾಗ ಬೆಂಕಿಯ ಆಕಾರವನ್ನೇ ಗಮನಿಸಿ. ನೆಲ ಬಿಟ್ಟಾಗ ಬೆಂಕಿ ಕಂಬದ ಹಾಗೆ ನೆಟ್ಟಗಿರುತ್ತದೆ, ಸುತ್ತಲಿನ ಗಾಳಿ ಅದನ್ನು ಒತ್ತಿ ಹಿಡಿದಿರುತ್ತದೆ. ರಾಕೆಟ್ ಸ್ವಲ್ಪ ಹೊತ್ತಿನಲ್ಲೇ ಮೆಲ್ಲಗೆ ಓರೆಯಾಗಲು ಶುರುಮಾಡುತ್ತದೆ. ಒಂದು ನಿಮಿಷದ ಆಸುಪಾಸಿನಲ್ಲಿ ವಿವರಣೆ ಕೊಡುವವರು ‘ಮ್ಯಾಕ್ಸ್ ಕ್ಯೂ’ ಅನ್ನುತ್ತಾರೆ. ವೇಗ ಏರುತ್ತಿದೆ, ಗಾಳಿ ಇನ್ನೂ ಸಾಕಷ್ಟು ದಟ್ಟವಾಗಿದೆ, ಹಾಗಾಗಿ ರಾಕೆಟ್ಟಿನ ಮೇಲೆ ಗಾಳಿಯ ಒತ್ತಡ ಅತಿ ಜಾಸ್ತಿ ಇರುವ ಗಳಿಗೆ ಅದು. ಕೆಲವು ರಾಕೆಟ್ಟುಗಳು ಆಗ ಎಂಜಿನ್ನಿನ ಬಲವನ್ನು ತುಸು ಇಳಿಸುತ್ತವೆ. ಅದಾದ ಮೇಲೆ ಬೆಂಕಿ ಅಗಲವಾಗುತ್ತಾ, ಹರಡುತ್ತಾ, ಕೊನೆಗೆ ರಾಕೆಟ್ಟಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿ ಬಿಚ್ಚಿಕೊಳ್ಳುತ್ತದೆ, ಯಾಕೆಂದರೆ ಒತ್ತಿ ಹಿಡಿಯಲು ಸುತ್ತ ಏನೂ ಉಳಿದಿಲ್ಲ. ವಾಯುಮಂಡಲ ಮುಗಿಯುತ್ತಾ ಬರುವುದನ್ನು ಕಣ್ಣಾರೆ ನೋಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಸುಮಾರು 110 ಕಿ.ಮೀ. ದಾಟಿದ ಮೇಲೆ ಉಪಗ್ರಹವನ್ನು ಮುಚ್ಚಿದ್ದ ಮೂತಿಯ ಕವಚವೂ ಎರಡು ಹೋಳಾಗಿ ಕಳಚಿ ಬೀಳುತ್ತದೆ. ಗಾಳಿಯ ಏಟೇ ಇಲ್ಲದ ಮೇಲೆ ಆ ಭಾರ ಹೊರುವುದು ದಂಡ.

ಇನ್ನು ಒತ್ತುವ ವಿಷಯ. ರಾಕೆಟ್ ಹೊರಗಿನ ಗಾಳಿಯನ್ನು ಒತ್ತುವುದೇ ಇಲ್ಲ, ತನ್ನ ಹೊಟ್ಟೆಯಲ್ಲಿದ್ದ ಅನಿಲವನ್ನು ಹಿಂದಕ್ಕೆ ಎಸೆಯುತ್ತದೆ. ಎಸೆದ ಬಲಕ್ಕೆ ತಾನು ಮುಂದಕ್ಕೆ ಹೋಗುತ್ತದೆ. ಹೊರಗೆ ಗಾಳಿ ಇಲ್ಲದಿದ್ದರೆ ಎಂಜಿನ್ ಇನ್ನೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಿಮ್ಮ ಈ ಅನುಮಾನ 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೂ ಇತ್ತು. ನಿರ್ವಾತದಲ್ಲಿ ರಾಕೆಟ್ ನಡೆಯದು ಎಂದು ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರನ್ನು ಸಂಪಾದಕೀಯದಲ್ಲೇ ಹೀಯಾಳಿಸಿತ್ತು. 1969ರ ಜುಲೈನಲ್ಲಿ ಅಪೊಲೊ 11 ಚಂದ್ರನತ್ತ ಹೊರಟ ಮರುದಿನ ಅದೇ ಪತ್ರಿಕೆ ತಿದ್ದುಪಡಿ ಹಾಕಿತು. ಅದನ್ನು ಓದಲು ಗೊಡಾರ್ಡ್ ಇರಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು.

ಪ್ರಶ್ನೆ: ಮೇಲೆ ಹೋಗುವಾಗ ಸುಡದ ನೌಕೆ ವಾಪಸ್ ಬರುವಾಗ ಮಾತ್ರ ಯಾಕೆ ಕೆಂಡವಾಗುತ್ತದೆ?

ಉತ್ತರ: ಹೋಗುವಾಗ ದಟ್ಟ ಗಾಳಿಯಲ್ಲಿ ನಿಧಾನವಾಗಿ ಹೋಗಿ, ತೆಳುವಾದ ಮೇಲೆ ವೇಗ ಹೆಚ್ಚಿಸಿಕೊಳ್ಳುತ್ತದೆ. ಬರುವಾಗ ಪೂರ್ತಿ ವೇಗದಲ್ಲೇ ಗಾಳಿಗೆ ನುಗ್ಗುತ್ತದೆ. ಎದುರಿನ ಗಾಳಿಗೆ ಪಕ್ಕಕ್ಕೆ ಸರಿಯಲೂ ಸಮಯ ಸಿಗದೆ ಅದುಮಿಕೊಂಡು ಸಾವಿರಾರು ಡಿಗ್ರಿ ಕಾಯುತ್ತದೆ.

ಪ್ರಶ್ನೆ: ಹಾಗಾದರೆ ಬಾಹ್ಯಾಕಾಶದಲ್ಲಿ ಏನಿದೆ? ಪೂರ್ತಿ ಖಾಲಿಯೇ?

ಉತ್ತರ: ಖಾಲಿ ಅನ್ನುವುದಕ್ಕೆ ನನಗೆ ಮನಸ್ಸು ಒಪ್ಪುವುದಿಲ್ಲ. ಮೊದಲಿಗೆ, ನಮ್ಮ ಗಾಳಿಯೇ ಅಲ್ಲಿ ಇನ್ನೂ ಇದೆ. 400 ಕಿ.ಮೀ. ಎತ್ತರದ ನಿಲ್ದಾಣವನ್ನು ಆ ತೆಳು ಗಾಳಿ ಸದಾ ತಡೆಯುತ್ತದೆ, ಆಗಾಗ ಎಂಜಿನ್ ಹಚ್ಚಿ ಮೇಲೆತ್ತದಿದ್ದರೆ ಅದು ಇಳಿದುಬಿಡುತ್ತದೆ. 2022ರ ಫೆಬ್ರವರಿಯಲ್ಲಿ ಸೌರ ಚಟುವಟಿಕೆಯಿಂದ ಎದ್ದ ಕಾಂತೀಯ ಬಿರುಗಾಳಿಗೆ, ಅಂದರೆ ಭೂಮಿಯ ಕಾಂತಕ್ಷೇತ್ರದ ಅಲ್ಲೋಲಕಲ್ಲೋಲಕ್ಕೆ, ಮೇಲಿನ ವಾಯುಮಂಡಲ ಬಿಸಿಯಾಗಿ ಉಬ್ಬಿತು. ಆಗ ತಾನೇ ಹಾರಿಸಿದ್ದ 49 ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳಲ್ಲಿ 38 ಹೀಗೆ ಉಬ್ಬಿದ ವಾಯುಮಂಡಲದ ತಡೆಗೆ ಸಿಕ್ಕಿ ಕೆಳಗಿಳಿದು ಉರಿದುಹೋದವು. ಭೂಮಿಯ ಹೈಡ್ರೋಜನ್ ಪರಮಾಣುಗಳ ಅತಿ ತೆಳುವಾದ ಮೋಡ ಸುಮಾರು 6.3 ಲಕ್ಷ ಕಿ.ಮೀ. ವರೆಗೂ ಹರಡಿದೆ ಎಂದು ಸೂರ್ಯನನ್ನು ಗಮನಿಸುವ ಸೋಹೊ ನೌಕೆಯ ಮಾಹಿತಿಯಿಂದ 2019ರಲ್ಲಿ ತಿಳಿಯಿತು. ಚಂದ್ರ ಇರುವುದು 3.84 ಲಕ್ಷ ಕಿ.ಮೀ. ದೂರದಲ್ಲಿ, ಅಂದರೆ ಚಂದ್ರನೂ ಅದರೊಳಗೇ ಸುತ್ತುತ್ತಿದ್ದಾನೆ!

ಆಮೇಲೆ ಸೌರ ಮಾರುತ. ಸೂರ್ಯನಿಂದ ಪ್ರೋಟಾನ್, ಎಲೆಕ್ಟ್ರಾನ್‌ಗಳು ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಎಡೆಬಿಡದೆ ಬೀಸುತ್ತಿರುತ್ತವೆ. ನಮ್ಮ ಹತ್ತಿರ ಒಂದು ಘನ ಸೆಂಟಿಮೀಟರಿಗೆ ಐದಾರು ಪ್ರೋಟಾನ್‌ಗಳಷ್ಟೆ. ನೆಲದ ಮೇಲಿನ ಅಷ್ಟೇ ಗಾಳಿಯಲ್ಲಿ 25ರ ಮುಂದೆ 18 ಸೊನ್ನೆ ಹಾಕಿದಷ್ಟು ಅಣುಗಳಿವೆ. ವಾಯೇಜರ್ 1 ನೌಕೆ 2012ರ ಆಗಸ್ಟಿನಲ್ಲಿ ಈ ಸೌರ ಮಾರುತದ ಸೀಮೆ ದಾಟಿತು. ಆಚೆಗೆ ಇನ್ನೂ ಖಾಲಿ ಇದ್ದೀತು ಅಂದುಕೊಳ್ಳುತ್ತೀರಿ, ಆದರೆ ಅಲ್ಲಿನ ಕಣಗಳ ದಟ್ಟಣೆ ಈಚೆಗಿಂತ ಸುಮಾರು 40 ಪಟ್ಟು ಜಾಸ್ತಿ ಇತ್ತು.

ಧೂಳೂ ಇದೆ. ತಿಂಗಳ ಬೆಳಕಿಲ್ಲದ ಕತ್ತಲ ಜಾಗದಲ್ಲಿ, ಸಂಜೆ ಪೂರ್ತಿ ಕಪ್ಪಾದ ಮೇಲೆ, ಪಶ್ಚಿಮದಲ್ಲಿ ಕೆಲವೊಮ್ಮೆ ಮಸುಕಾದ ತ್ರಿಕೋನದ ಬೆಳಕು ಕಾಣುತ್ತದೆ. ಗ್ರಹಗಳ ನಡುವಿನ ಧೂಳಿನ ಮೇಲೆ ಬಿದ್ದ ಬಿಸಿಲು ಅದು. ಇವುಗಳ ಜೊತೆ ದೂರದಿಂದ ಭಾರೀ ವೇಗದಲ್ಲಿ ಬರುವ ಕಣಗಳಾದ ಕಾಸ್ಮಿಕ್ ಕಿರಣಗಳು. ಬ್ರಹ್ಮಾಂಡ ಹುಟ್ಟಿದ ಕಾಲದಿಂದ ಉಳಿದುಬಂದ ಬೆಳಕಿನ ಕಣಗಳಂತೂ ಒಂದೊಂದು ಘನ ಸೆಂಟಿಮೀಟರಿನಲ್ಲಿ 400ರಷ್ಟಿವೆ. ನಾವೇ ಬಿಟ್ಟುಬಂದ ಕಸವನ್ನೂ ಸೇರಿಸಬೇಕು. 1983ರಲ್ಲಿ ಚಾಲೆಂಜರ್ ನೌಕೆಯ ಗಾಜಿಗೆ ಬಡಿದು ಗುಳಿ ಮಾಡಿದ್ದು ಬಣ್ಣದ ಒಂದು ಚಕ್ಕೆ. ಆ ವೇಗದಲ್ಲಿ ಬಂದರೆ ಬಣ್ಣದ ಚಕ್ಕೆಯೂ ಗುಂಡೇಟೇ.

ಪ್ರಶ್ನೆ: ಅಲ್ಲಿ ಚಳಿಯೋ, ಸೆಕೆಯೋ?

ಉತ್ತರ: ನಿಂತ ಜಾಗದ ಮೇಲೆ ಹೋಗುತ್ತದೆ. ನಿಲ್ದಾಣದ ಹೊರಮೈ ಬಿಸಿಲಿನಲ್ಲಿ 120 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು, ನೆರಳಿನಲ್ಲಿ ಸೊನ್ನೆಗಿಂತ 150 ಡಿಗ್ರಿ ಕೆಳಗೆ ಹೋಗಬಹುದು. ಆದರೆ ಹೊರಗೆ ಹೋದ ಗಗನಯಾತ್ರಿಯ ದೊಡ್ಡ ತಲೆನೋವು ಚಳಿಯಲ್ಲ. ಮೈಯ ಬಿಸಿಯನ್ನು ಹೊತ್ತೊಯ್ಯಲು ಸುತ್ತ ಗಾಳಿ ಇಲ್ಲ, ದಪ್ಪ ಸೂಟಿನೊಳಗೆ ಅದು ಹಾಗೇ ಸೇರಿಕೊಳ್ಳುತ್ತದೆ. ಅದಕ್ಕೇ ಮೈಗಂಟಿದ ಒಳ ಉಡುಪಿನ ತುಂಬ ಸಣ್ಣ ಕೊಳವೆಗಳನ್ನು ಹೊಲಿದು, ಅವುಗಳಲ್ಲಿ ತಣ್ಣೀರು ಹರಿಸಿ ಮೈಯನ್ನು ತಂಪಾಗಿಡುತ್ತಾರೆ.