ಫುಲ್ ಥ್ರಸ್ಟ್‌ನಲ್ಲಿ ದೊಡ್ಡ ಬೀಮ್ ಹಾಕಿದ್ರೂ ಹಡಗು ಯಾಕೆ ಸೋಲುತ್ತೆ?

ಫುಲ್ ಥ್ರಸ್ಟ್ ಅಂದ್ರೆ ಬಾಹ್ಯಾಕಾಶ ಹಡಗುಗಳ ಯುದ್ಧದ ಟೇಬಲ್ ಆಟ, ಹಡಗನ್ನ ನಾವೇ ಡಿಸೈನ್ ಮಾಡ್ಬಹುದು. ನಿಮ್ಮ ಪ್ರಶ್ನೆ ಇಷ್ಟು: 60 ಮಾಸ್ (ಒಟ್ಟು ತೂಕ, ಎಲ್ಲಾ ಭಾಗಾನೂ ಇದರೊಳಗೇ ಹಿಡೀಬೇಕು) ಹಡಗು, ಥ್ರಸ್ಟ್ (ಎಂಜಿನ್ ಶಕ್ತಿ) 2, ನಾಲ್ಕು ಕ್ಲಾಸ್ 3 ಬೀಮ್ (ಕಿರಣದ ಗನ್) ಎಲ್ಲಾ ಮುಂದಕ್ಕೇ, ಫೈರ್‌ಕಾನ್ (ಗುರಿ ಹಿಡಿಯೋ ಸಿಸ್ಟಮ್) ಒಂದು, ಸ್ಕ್ರೀನ್ (ಬೀಮ್ ತಡೆಯೋ ಕವಚ) ಎರಡು ಲೆವೆಲ್, ಆದ್ರೂ ಪ್ರತಿ ಸಲ ಸೋಲ್ತಿದೀರ, ವೆಪನ್ ರೂಲ್ಸ್ ಹೇಗೆ ಅರ್ಥ ಮಾಡ್ಕೋಬೇಕು ಅಂತ. ನಾನೂ ಶುರುನಲ್ಲಿ ಹೆಚ್ಚುಕಮ್ಮಿ ಇದೇ ಹಡಗು ಇಟ್ಕೊಂಡು ಆಡ್ತಿದ್ದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದೀನಿ. ಲೆಕ್ಕ ಎಲ್ಲಾ 1998ರ ಫ್ಲೀಟ್ ಬುಕ್ (ಈ ಆಟದ ಪುಸ್ತಕ) ಪ್ರಕಾರ.

ಬಸವನಗುಡಿಯಲ್ಲಿ ಫ್ರೆಂಡ್ ಅಜ್ಜಿ ಮನೆ ಹಾಲಲ್ಲಿ ನಾವು ಆಡೋದು, ರೆಡ್ ಆಕ್ಸೈಡ್ ನೆಲ, ಹಡಗಿಗೆ ಚಿಕ್ಕಪೇಟೆಯಿಂದ ತಂದ ಕೋಟಿನ ಗುಂಡಿ, ಅಳೆಯೋಕೆ ಟೈಲರ್ ಟೇಪು. ಒಂದ್ಸಲ ನನ್ನ ಹಡಗೂ ಅವನದೂ ಎದುರುಬದುರು 12ರ ಸ್ಪೀಡಲ್ಲಿ ಬಂದ್ವು, ಅಂದ್ರೆ ಒಂದು ಟರ್ನಿಗೆ 24 ಇಂಚು ಗ್ಯಾಪ್ ಕಮ್ಮಿ ಆಗುತ್ತೆ. ನನಗೆ 30 ಇಂಚಲ್ಲಿ ಒಂದೇ ಒಂದು ಸಲ ಹೊಡೆಯೋಕೆ ಸಿಕ್ತು, ಮುಂದಿನ ಟರ್ನಿಗೆ ಅವನು ಮೂವ್ ಬರೆಯೋ ಚೀಟೀಲಿ ಎಡಕ್ಕೆ ಎರಡು ಪಾಯಿಂಟ್ (ತಿರುಗೋ ಅಳತೆ) ಅಂತ ಬರ್ದು ನನ್ನ ಪಕ್ಕಕ್ಕೆ ಬಂದ್ಬಿಟ್ಟ. ಅಲ್ಲಿಂದ ನನ್ನ ನಾಲ್ಕೂ ಗನ್ ಖಾಲಿ ಜಾಗ ನೋಡ್ತಾ ಕೂತಿದ್ವು.

ಯಾಕಂದ್ರೆ ಥ್ರಸ್ಟಲ್ಲಿ ಅರ್ಧ ಮಾತ್ರ ತಿರುಗೋಕೆ ಬಳಸ್ಬಹುದು. ಥ್ರಸ್ಟ್ 2 ಅಂದ್ರೆ ಟರ್ನಿಗೆ ಒಂದು ಪಾಯಿಂಟ್, 30 ಡಿಗ್ರಿ. ಕೆ.ಆರ್. ಮಾರ್ಕೆಟ್ ಜನಜಂಗುಳಿ ಮಧ್ಯೆ ಬಿಎಂಟಿಸಿ ಬಸ್ ಯೂ ಟರ್ನ್ ಮಾಡ್ದಂಗೆ. ಒಂದು ಆರ್ಕ್ (ಗನ್ ಹೊಡೆಯೋಕಾಗೋ ದಿಕ್ಕಿನ ಭಾಗ, ಸುತ್ತ ಒಟ್ಟು ಆರು) 60 ಡಿಗ್ರಿ, ವೈರಿ ಪಕ್ಕಕ್ಕೆ ಹೋದ್ರೆ ನೀವು ತಿರುಗೋ ಅಷ್ಟರಲ್ಲಿ ಅವನು ಇನ್ನೆಲ್ಲೋ ಇರ್ತಾನೆ. ಹಾಗಾಗಿ ವೆಪನ್ ರೂಲನ್ನ ಮೂವ್‌ಮೆಂಟ್ ರೂಲ್ ಪಕ್ಕದಲ್ಲಿಟ್ಕೊಂಡೇ ಓದಿ, ಬರೀ ಡೈಸ್ ಎಷ್ಟು ಅಂತ ನೋಡ್ಬೇಡಿ.

ಈಗ ಬೀಮ್ ಲೆಕ್ಕ. ಕ್ಲಾಸ್ 3ಕ್ಕೆ 12 ಇಂಚೊಳಗೆ 3 ಡೈಸ್, 24ರವರೆಗೆ 2, 36ರವರೆಗೆ 1. ಒಂದೇ ಆರ್ಕ್ ಇದ್ರೆ 4 ಮಾಸ್ ಆಗುತ್ತೆ. ಅದೇ 4 ಮಾಸಲ್ಲಿ ಮೂರು ಆರ್ಕಿನ ಕ್ಲಾಸ್ 2 ಎರಡು ಬರುತ್ತೆ: 12ರೊಳಗೆ ಒಟ್ಟು 4 ಡೈಸ್, 24ರವರೆಗೆ 2. ಅಂದ್ರೆ ಕ್ಲಾಸ್ 3 ನಿಮಗೆ ಎಕ್ಸ್ಟ್ರಾ ಕೊಡೋದು 24ರಿಂದ 36ರವರೆಗಿನ ಆ ಒಂದೇ ಒಂದು ಡೈಸು, ಅಷ್ಟಕ್ಕೆ ಎರಡು ಆರ್ಕ್ ಬಿಟ್ಟುಕೊಟ್ಟಿದೀರ! ನನಗೆ ಇದು ಪೆನ್ಸಿಲ್ ಹಿಡ್ಕೊಂಡು ಲೆಕ್ಕ ಹಾಕೋವರೆಗೂ ಹೊಳೆದಿರ್ಲಿಲ್ಲ. ಸ್ಪೀಡಿದ್ದು ದೂರದಲ್ಲೇ ಇರೋಕೆ ಆಗೋ ಹಡಗಿಗೆ ಕ್ಲಾಸ್ 3 ಚೆನ್ನಾಗಿರುತ್ತೆ, ಥ್ರಸ್ಟ್ 2ಕ್ಕೆ ಖಂಡಿತ ಬೇಡ.

ಸ್ಕ್ರೀನ್ ವಿಷಯ. ಸ್ಕ್ರೀನ್ ಇಲ್ದೇ ಇದ್ರೆ ಬೀಮ್ ಡೈಸಲ್ಲಿ 4, 5ಕ್ಕೆ ಒಂದು ಡ್ಯಾಮೇಜು, 6ಕ್ಕೆ ಎರಡು, ಜೊತೆಗೆ ಇನ್ನೊಂದ್ಸಲ ಎಸೀಬಹುದು, ಸರಾಸರಿ 0.8. ಎರಡು ಲೆವೆಲ್ ಸ್ಕ್ರೀನ್ ಇದ್ರೆ ಅದು 0.47ಕ್ಕೆ ಇಳಿಯುತ್ತೆ. ಆದ್ರೆ ಪಲ್ಸ್ ಟಾರ್ಪೆಡೋಗೆ (ಇದು ಇನ್ನೊಂದು ಥರದ ಆಯುಧ) ಸ್ಕ್ರೀನ್ ಲೆಕ್ಕಕ್ಕೇ ಇಲ್ಲ: 6 ಇಂಚೊಳಗೆ 2 ಅಥವಾ ಮೇಲೆ ಬಿದ್ರೆ ಹಿಟ್, ಆಮೇಲೆ ಪ್ರತಿ 6 ಇಂಚಿಗೂ ಒಂದೊಂದು ಕಷ್ಟ ಆಗ್ತಾ ಹೋಗುತ್ತೆ, ತಗುಲಿದ್ರೆ ಒಂದು ಡೈಸಲ್ಲಿ ಎಷ್ಟು ಬೀಳುತ್ತೋ ಅಷ್ಟೂ ಡ್ಯಾಮೇಜ್. 10 ಇಂಚಲ್ಲಿ ಸರಾಸರಿ 2.3, ಅದೇ ಜಾಗದಲ್ಲಿ ಎರಡು ಸ್ಕ್ರೀನ್ ಇರೋ ಹಡಗಿನ ಮೇಲೆ ಕ್ಲಾಸ್ 3 ಕೊಡೋದು 1.4, ಎರಡಕ್ಕೂ ಮಾಸ್ 4ಏ. ನಿಮ್ಮ ಎದುರಾಳಿ ಹತ್ರ ಟಾರ್ಪೆಡೋ ಇದ್ರೆ ನೀವು ಸ್ಕ್ರೀನಿಗೆ ಕೊಟ್ಟ 6 ಮಾಸ್ ದಂಡ.

ಇನ್ನು ಒಂದೇ ಫೈರ್‌ಕಾನ್, ಇದು ನಿಜವಾಗ್ಲೂ ಅಪಾಯ. ಒಂದು ಟರ್ನಲ್ಲಿ ಒಂದೇ ಟಾರ್ಗೆಟ್ ಅನ್ನೋದು ಒಂದು ಕಡೆ ಇರ್ಲಿ, ಹಲ್ (hull, ಹಡಗಿನ ಒಡಲು) ಬಾಕ್ಸುಗಳ ಮೊದಲ್ನೇ ಸಾಲು ಡ್ಯಾಮೇಜಿಂದ ಖಾಲಿಯಾದ ತಕ್ಷಣ ಪ್ರತಿ ಸಿಸ್ಟಮ್ಮಿಗೂ ಡೈಸ್ ಎಸೀತೀರಲ್ಲ, ಫೈರ್‌ಕಾನಿಗೆ 6 ಬಿತ್ತು ಅಂದ್ರೆ ಗನ್ನುಗಳೆಲ್ಲಾ ನೆಟ್ಟಗಿದ್ರೂ ರಿಪೇರಿ ಆಗೋವರೆಗೆ ಒಂದೂ ಹೊಡೆಯಲ್ಲ. ಒಂದು ಮಾಸ್ ಉಳಿಸೋಕೆ ಹೋಗಿ 16 ಮಾಸಿನ ಗನ್ನು ಪಣಕ್ಕಿಟ್ಟಂಗೆ.

ನಾನಾಗಿದ್ರೆ ಹೀಗೆ ಮಾಡ್ತಿದ್ದೆ: ಹಲ್ 18, ಎಫ್‌ಟಿಎಲ್ (ಬೆಳಕಿಗಿಂತ ವೇಗದ ಡ್ರೈವ್) 6, ಥ್ರಸ್ಟ್ 4ಕ್ಕೆ 12, ಉಳಿದ 24ರಲ್ಲಿ ಫೈರ್‌ಕಾನ್ ಎರಡು, ಕ್ಲಾಸ್ 2 ನಾಲ್ಕು (ಎರಡು ಮುಂದಕ್ಕೂ ಎಡಕ್ಕೂ, ಎರಡು ಮುಂದಕ್ಕೂ ಬಲಕ್ಕೂ), ಪಲ್ಸ್ ಟಾರ್ಪೆಡೋ ಒಂದು, ಪಿಡಿಎಸ್ (ಹತ್ರ ಬರೋ ಫೈಟರ್, ಮಿಸೈಲ್ ಹೊಡೆಯೋ ಚಿಕ್ಕ ಗನ್) ಎರಡು, ಸ್ಕ್ರೀನ್ ಒಂದು ಲೆವೆಲ್, ಮಿಕ್ಕ 5 ಆರ್ಮರ್. ಎದುರಿಗೆ ನಿಮ್ಮ ಹಳೇ ಹಡಗಷ್ಟು ಜೋರಿಲ್ಲ, 12ರೊಳಗೆ ಬೀಮ್ 8 ಡೈಸು ಅಷ್ಟೇ, ಆದ್ರೆ ಎಡಕ್ಕೋ ಬಲಕ್ಕೋ ಬಂದವನಿಗೂ 4 ಡೈಸ್ ಬೀಳುತ್ತೆ.

ಹಾಂ, ಹಿಂದಿನ ಆರ್ಕಿಗೆ ಅಂತ ಮಾಸ್ ಖರ್ಚು ಮಾಡೋ ಮುಂಚೆ ಯೋಚ್ನೆ ಮಾಡಿ, ಆ ಟರ್ನಲ್ಲಿ ಮೇನ್ ಡ್ರೈವ್ (ಮುಖ್ಯ ಎಂಜಿನ್) ಬಳಸಿದ್ರೆ ಹಿಂದಕ್ಕೆ ಹೊಡೆಯೋಕಾಗಲ್ಲ.

ಡಿಸೈನ್ ಮುಗಿದ್ಮೇಲೆ ಆಟಕ್ಕೆ ಮುಂಚೆ ಒಂದು ಗುಂಡೀನ ಹಡಗಿಂದ 10 ಇಂಚು ದೂರ ಇಡಿ, ಅದನ್ನ ಆರೂ ಆರ್ಕಲ್ಲಿ ಸುತ್ತ ಸರಿಸ್ತಾ ಪ್ರತಿ ಕಡೆ ಎಷ್ಟು ಡೈಸ್ ಅಂತ ಚೀಟೀಲಿ ಬರ್ಕೊಳ್ಳಿ, ಸೊನ್ನೆ ಬಂದ ಆರ್ಕಿಗೆ ವೈರಿ ಬರೋ ಮುಂಚೆ ನೀವು ತಿರುಗ್ತೀರಾ ಅಂತ ಅಲ್ಲೇ ಕೋರ್ಸ್ ಪಾಯಿಂಟ್ ಎಣಿಸಿ ನೋಡಿ.