ನಿವೃತ್ತ ಗೂಢಚಾರರ ಸಿನಿಮಾಗಳ ಎರಡನೇ ಭಾಗ ಏಕೆ ಸಪ್ಪೆಯಾಗುತ್ತದೆ?

ನಿವೃತ್ತರಾದ ಗೂಢಚಾರರು ಮತ್ತೆ ಕೆಲಸಕ್ಕೆ ಇಳಿಯುವ ಆಕ್ಷನ್ ಕಾಮಿಡಿಗಳಲ್ಲಿ ಮೊದಲ ಭಾಗ ಹಿಡಿಸಿದಷ್ಟು ಎರಡನೆಯದು ಏಕೆ ಹಿಡಿಸುವುದಿಲ್ಲ, ಹಾಲಿವುಡ್‌ನ 'ರೆಡ್' ಮೆಚ್ಚಿದವರು 'ರೆಡ್ 2' ನೋಡಬಹುದೇ ಎಂದು ನೀವು ಕೇಳಿದ್ದೀರಿ. ಧಾರಾಳವಾಗಿ ನೋಡಬಹುದು. ಆದರೆ ಮೊದಲ ಭಾಗದಲ್ಲಿ ನಮ್ಮನ್ನು ನಗಿಸಿದ್ದು ಗುಂಡಿನ ಸುರಿಮಳೆಯಲ್ಲ, ನಿವೃತ್ತಿಯ ಬೇಸರ. ನಾಯಕ ಮತ್ತೆ ಪಿಸ್ತೂಲು ಹಿಡಿದ ಕ್ಷಣದಿಂದ ಆ ಬೇಸರ ಕರಗತೊಡಗುತ್ತದೆ, ಸಿನಿಮಾ ಮುಗಿಯುವಷ್ಟರಲ್ಲಿ ಪೂರ್ತಿ ಖರ್ಚಾಗಿರುತ್ತದೆ. ಎರಡನೇ ಭಾಗ ಬರೆಯಲು ಕುಳಿತವರ ಕೈಯಲ್ಲಿ ಉಳಿಯುವುದು ಬರೀ ಗೂಢಚಾರರು, ನಿವೃತ್ತರಲ್ಲ.

ಈ ವಿಷಯದಲ್ಲಿ ನನ್ನದು ತುಸು ಪಕ್ಷಪಾತದ ದೃಷ್ಟಿಯೆಂದು ಮೊದಲೇ ಹೇಳಿಬಿಡಬೇಕು. ನಾನು ಕಾರವಾರದಲ್ಲಿ ಬಹುಕಾಲ ಪಿಂಚಣಿ ಕಡತಗಳ ನಡುವೆ ಕೆಲಸ ಮಾಡಿದವನು. ಬಂದರು, ನೌಕಾನೆಲೆ, ಕೈಗಾ ಅಣು ವಿದ್ಯುತ್ ಸ್ಥಾವರ ಹಾಗೂ ಜಿಲ್ಲಾ ಕೇಂದ್ರದ ಹತ್ತಾರು ಕಚೇರಿಗಳಿರುವ ಈ ಊರಿನ ಸುತ್ತಮುತ್ತ ನಿವೃತ್ತರಿಗೆ ಕೊರತೆಯಿಲ್ಲ. ಸಂಜೆ ಟಾಗೋರ್ ಕಡಲತೀರದಲ್ಲಿ ನಡೆದರೆ ಎದುರಾಗುವ ಪ್ರತಿ ಗುಂಪಿನಲ್ಲಿಯೂ ಯಾವುದಾದರೊಂದು ಇಲಾಖೆಯ ಹಳೆಯ ಸಾಹೇಬರು ಇರುತ್ತಾರೆ. ನಮ್ಮ ಕಚೇರಿಗೆ ತುಟ್ಟಿಭತ್ಯೆಯ ಬಾಕಿ ಕೇಳಲು ಬರುತ್ತಿದ್ದ ಹಿರಿಯರಲ್ಲಿ ಹಲವರಿಗೆ ಬಾಕಿ ಎಷ್ಟೆಂಬುದು ಮೊದಲೇ ಗೊತ್ತಿರುತ್ತಿತ್ತು. ಅವರಿಗೆ ಬೇಕಾದದ್ದು ಒಂದು ಕುರ್ಚಿ ಮತ್ತು ಅರ್ಧ ಗಂಟೆಯ ಮಾತು. ಆದ್ದರಿಂದ, 2010ರ 'ರೆಡ್' ಚಿತ್ರದಲ್ಲಿ ಬ್ರೂಸ್ ವಿಲ್ಲಿಸ್ ಅಭಿನಯಿಸಿದ ಫ್ರಾಂಕ್ ಮೋಸೆಸ್ ತನ್ನ ಪಿಂಚಣಿಯ ಚೆಕ್ಕನ್ನು ತಾನೇ ಹರಿದುಹಾಕಿ, "ಚೆಕ್ ಬಂದೇ ಇಲ್ಲ" ಎಂದು ಪಿಂಚಣಿ ಕಚೇರಿಯ ಸಾರಾಗೆ ಫೋನ್ ಮಾಡುವ ದೃಶ್ಯ ಬಂದಾಗ, ಉಳಿದವರು ಅದನ್ನು ತಮಾಷೆಯೆಂದು ನೋಡಿರಬಹುದು. ನನಗೆ ಅದು ಕಚೇರಿಯ ದಿನಚರಿಯಂತೆಯೇ ಕಂಡಿತು.

ವಾರೆನ್ ಎಲ್ಲಿಸ್ ಮತ್ತು ಕಲ್ಲಿ ಹ್ಯಾಮ್ನರ್ ರಚಿಸಿದ ಪುಟ್ಟ ಕಾಮಿಕ್ಸ್ ಸರಣಿಯನ್ನು ಆಧರಿಸಿ ರಾಬರ್ಟ್ ಶ್ವೆಂಟ್ಕೆ ನಿರ್ದೇಶಿಸಿದ ಆ ಮೊದಲ ಚಿತ್ರದ ಜಾಣತನವೆಂದರೆ, ಅದರಲ್ಲಿ ಒಬ್ಬೊಬ್ಬರ ನಿವೃತ್ತಿಯೂ ಬೇರೆ ಬೇರೆ ಬಗೆಯದು. ಮಾರ್ಗನ್ ಫ್ರೀಮನ್‌ರ ಜೋ ವೃದ್ಧಾಶ್ರಮದಲ್ಲಿ ಕಾಯಿಲೆಯೊಂದಿಗೆ ದಿನ ದೂಡುತ್ತಿದ್ದಾನೆ. ಜಾನ್ ಮಾಲ್ಕೋವಿಚ್‌ರ ಮಾರ್ವಿನ್‌ಗೆ ಸರ್ಕಾರವೇ ವರ್ಷಗಟ್ಟಲೆ ಮತ್ತಿನ ಔಷಧಿ ಕೊಟ್ಟು ಪ್ರಯೋಗ ನಡೆಸಿದ್ದರಿಂದ, ಆತ ಕಂಡದ್ದನ್ನೆಲ್ಲ ಸಂಚೆಂದು ಭಾವಿಸುತ್ತ ನೆಲದಡಿಯಲ್ಲಿ ಅಡಗಿ ಬದುಕುತ್ತಾನೆ, ಮತ್ತು ಆತನ ಸಂಶಯಗಳು ಬಹುಪಾಲು ನಿಜವೇ ಆಗಿರುತ್ತವೆ. ಹೆಲೆನ್ ಮಿರೆನ್‌ರ ವಿಕ್ಟೋರಿಯಾ ಹೂವು ಜೋಡಿಸುತ್ತ ಸಭ್ಯ ಗೃಹಿಣಿಯಂತೆ ಕಾಣುತ್ತಾಳೆ. ಆದರೆ ನಡುನಡುವೆ ಸುಪಾರಿ ಕೆಲಸವನ್ನೂ ಮಾಡುತ್ತಿರುತ್ತಾಳೆ. ಹಳೆಯ ಕಡತಗಳನ್ನು ಕಾಯುವವನ ಚಿಕ್ಕ ಪಾತ್ರದಲ್ಲಿ ಆಗ ತೊಂಬತ್ತು ದಾಟಿದ್ದ ಅರ್ನೆಸ್ಟ್ ಬೋರ್ಗ್ನೈನ್ ಬರುತ್ತಾರೆ. ಹೊಡೆದಾಟ ಆರಂಭವಾಗುವ ಮೊದಲೇ ಈ ಜನರ ಪರಿಚಯದಲ್ಲಿ ನಾವು ಅರ್ಧ ಸಿನಿಮಾವನ್ನು ಮೆಚ್ಚಿಬಿಟ್ಟಿರುತ್ತೇವೆ.

2013ರಲ್ಲಿ ಡೀನ್ ಪ್ಯಾರಿಸೋ ನಿರ್ದೇಶನದಲ್ಲಿ ಬಂದ 'ರೆಡ್ 2' ಈ ಪರಿಚಯವನ್ನು ಮತ್ತೆ ಮಾಡಿಸುವಂತಿರಲಿಲ್ಲ, ಜೋ ಮೊದಲ ಭಾಗದಲ್ಲೇ ಪ್ರಾಣ ಬಿಟ್ಟಿದ್ದರಿಂದ ಫ್ರೀಮನ್ ಕೂಡ ಇರಲಿಲ್ಲ. ಆ ಕೊರತೆಯನ್ನು ತುಂಬಲು ಕಥೆಗಾರರು ಊರುಗಳನ್ನು ಹೆಚ್ಚಿಸಿದರು: ಪ್ಯಾರಿಸ್, ಲಂಡನ್, ಮಾಸ್ಕೋ. ಕ್ರೆಮ್ಲಿನ್ ಅರಮನೆಯ ಕೆಳಗೆ ಶೀತಲ ಸಮರದ ಕಾಲದಿಂದ ಹುದುಗಿರುವ ಬಾಂಬ್, ದಶಕಗಳಿಂದ ಹುಚ್ಚಾಸ್ಪತ್ರೆಯಲ್ಲಿ ಬಂಧಿಯಾಗಿರುವ ವಿಜ್ಞಾನಿಯಾಗಿ ಆಂಥನಿ ಹಾಪ್ಕಿನ್ಸ್, ಫ್ರಾಂಕ್‌ನ ಹಳೆಯ ಪ್ರೇಯಸಿಯಾಗಿ ಕ್ಯಾಥರೀನ್ ಜೀಟಾ ಜೋನ್ಸ್, ಸೇಡಿಗಾಗಿ ಬೆನ್ನಟ್ಟುವ ಕೊರಿಯಾದ ಹಂತಕನಾಗಿ ಲೀ ಬ್ಯುಂಗ್ ಹನ್ ಹೀಗೆ ಸಾಮಾನೆಲ್ಲ ಭರ್ಜರಿಯಾಗಿದೆ. ಮೊದಲ ಭಾಗ ಸುಮಾರು 6 ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾಗಿ ಜಗತ್ತಿನಾದ್ಯಂತ 20 ಕೋಟಿಯ ಹತ್ತಿರ ಗಳಿಸಿದರೆ, ಎರಡನೆಯದು 8.4 ಕೋಟಿ ವೆಚ್ಚ ಮಾಡಿ 15 ಕೋಟಿಯನ್ನೂ ಮುಟ್ಟಲಿಲ್ಲ. ಹಣದ ಲೆಕ್ಕವೇ ಸಿನಿಮಾದ ಬೆಲೆಯೆಂದು ನಾನು ಹೇಳುತ್ತಿಲ್ಲ. ಆದರೆ ಬಾಂಬ್ ಹುಡುಕುವ ಕಥೆಯನ್ನು ಮೂವತ್ತರ ಹರೆಯದ ಯಾವ ನಾಯಕನಿಗೂ ಕೊಡಬಹುದಿತ್ತು. ಚೆಕ್ ಹರಿದುಹಾಕುವ ಕಥೆಯನ್ನು ಹಾಗೆ ಕೊಡಲಾಗುತ್ತಿರಲಿಲ್ಲ.

ಹಾಗೆಂದು 'ರೆಡ್ 2' ಸೋತ ಸಿನಿಮಾವಲ್ಲ, ಏಕೆಂದರೆ ಅದರಲ್ಲಿ ಇನ್ನೊಂದು ಎಳೆಯಿದೆ. ಚಿತ್ರ ತೆರೆದುಕೊಳ್ಳುವುದು ಒಂದು ಸೂಪರ್ ಮಾರ್ಕೆಟ್‌ನಲ್ಲಿ. ಫ್ರಾಂಕ್ ಈಗ ಗೃಹಸ್ಥ ಜೀವನಕ್ಕೆ ನಿಜವಾಗಿಯೂ ಒಗ್ಗಿಕೊಳ್ಳಲು ಹೊರಟಿದ್ದಾನೆ, ಬೇಸರವಾಗಿರುವುದು ಸಾರಾಗೆ. ಪಿಂಚಣಿ ಕಚೇರಿಯಲ್ಲಿ ಕುಳಿತು ಅಗ್ಗದ ಪ್ರೇಮ ಕಾದಂಬರಿ ಓದುತ್ತಿದ್ದ ಹುಡುಗಿಗೆ ಸಾಹಸದ ರುಚಿ ಹತ್ತಿದೆ. ಆತ ಅವಳನ್ನು ಕಾಪಾಡಬೇಕೆಂದು ಮನೆಯಲ್ಲಿ ಕೂರಿಸಲು ನೋಡುತ್ತಾನೆ, ಅವಳು ಬಂದೂಕು ಕೇಳುತ್ತಾಳೆ. ಮೇರಿ ಲೂಯಿಸ್ ಪಾರ್ಕರ್ ಈ ಪಾತ್ರವನ್ನು ಎಷ್ಟು ಲವಲವಿಕೆಯಿಂದ ನಿರ್ವಹಿಸಿದ್ದಾರೆಂದರೆ, ಹಳೆಯ ಪ್ರೇಯಸಿ ಎದುರಾದಾಗ ಅವಳ ಮುಖ ಬಿಗಿಯುವುದನ್ನು ನೋಡುತ್ತಿದ್ದರೆ ಬಾಂಬಿನ ವಿಷಯವೇ ಮರೆತುಹೋಗುತ್ತದೆ. ನಿವೃತ್ತಿಯ ಮೇಲೆ ಮನೆಯಲ್ಲಿ ಯಾರಿಗೆ ಬೇಸರ ಎಂಬ ಪ್ರಶ್ನೆಯನ್ನು ಗಂಡಸಿನಿಂದ ಹೆಂಗಸಿಗೆ ದಾಟಿಸಿದ್ದು ಈ ಎರಡನೇ ಭಾಗದ ನಿಜವಾದ ಹೊಸತನ. ದುರದೃಷ್ಟಕ್ಕೆ ಕಥೆಗಾರರು ಅದಕ್ಕೆ ಕೊಟ್ಟ ಜಾಗ ಕಡಿಮೆ.

ಇನ್ನು ಹೆಲೆನ್ ಮಿರೆನ್. ಸ್ನಾನದ ಮನೆಯಲ್ಲಿ ಹೆಣಗಳನ್ನು ಆಮ್ಲದಲ್ಲಿ ಕರಗಿಸುತ್ತಲೇ ಶಾಂತವಾಗಿ ಫೋನಿನಲ್ಲಿ ಮಾತನಾಡುವುದು, ಹುಚ್ಚಾಸ್ಪತ್ರೆಗೆ ನುಸುಳಲು ತಾನೇ ಇಂಗ್ಲೆಂಡಿನ ರಾಣಿಯೆಂದು ನಟಿಸುವುದು (ರಾಣಿ ಎರಡನೇ ಎಲಿಜಬೆತ್ ಪಾತ್ರಕ್ಕೇ ಆಕೆಗೆ ಆಸ್ಕರ್ ಬಂದಿತ್ತೆಂಬುದನ್ನು ನೆನಪಿಟ್ಟು ನೋಡಿ), ತಿರುಗುತ್ತಿರುವ ಕಾರಿನ ಎರಡೂ ಕಿಟಕಿಗಳಿಂದ ಎರಡು ಕೈಯಲ್ಲಿ ಗುಂಡು ಹಾರಿಸುವುದು, ಇವುಗಳಲ್ಲಿ ಯಾವುದಕ್ಕೂ ಆಕೆ ಹೆಚ್ಚು ಓಡುವುದಿಲ್ಲ, ಹಾರುವುದಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಇಳಿವಯಸ್ಸಿನಲ್ಲಿ ಯಕ್ಷಗಾನದಲ್ಲಿ ಕಟ್ಟುತ್ತಿದ್ದ ಭಸ್ಮಾಸುರ, ಕೀಚಕರನ್ನು ಕಂಡವರಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ: ಕುಣಿತ ಮೊದಲಿನಷ್ಟು ಇಲ್ಲದಿದ್ದರೂ, ಭಾಗವತರ ಪದದ ಯಾವ ಜಾಗದಲ್ಲಿ ಕುಣಿಯದೆ ಬರೀ ಕಣ್ಣಿನಿಂದ ಮುಗಿಸಬೇಕೆಂಬುದನ್ನು ಅವರು ಬಲ್ಲವರಾಗಿದ್ದರು, ಜನ ಬರುತ್ತಿದ್ದುದು ಅದನ್ನೇ ನೋಡಲು. ಮುದುಕರ ಆಕ್ಷನ್ ಸಿನಿಮಾ ಗೆಲ್ಲುವುದು ಅಂಥ ಉಳಿತಾಯದಿಂದ. ವಿಲ್ಲಿಸ್ ಯುವಕನಂತೆ ಹೊಡೆದಾಡುವ ಕಡೆಗಳಲ್ಲೆಲ್ಲ ಈ ಸಿನಿಮಾ ನಿಧಾನವಾಗಿ ಕಾಣುತ್ತದೆ, ಮಿರೆನ್ ನಿಂತಲ್ಲೇ ನಿಂತು ಕೆಲಸ ಮುಗಿಸುವ ಕಡೆಗಳಲ್ಲಿ ಚುರುಕಾಗುತ್ತದೆ.

ಚಿತ್ರದ ಆರಂಭದಲ್ಲಿ ಮಾರ್ವಿನ್ ಸತ್ತಂತೆ ನಟಿಸುತ್ತಾನೆ, ಫ್ರಾಂಕ್ ಮೊದಲಿಗೆ ಅದನ್ನು ನಂಬುವುದೇ ಇಲ್ಲ. ನಮ್ಮ ಕಡೆಯ ಪಿಂಚಣಿದಾರನಾಗಿದ್ದರೆ ಆ ಸಾಹಸಕ್ಕೆ ಕೈಹಾಕುವ ಮೊದಲು ನೂರು ಸಲ ಯೋಚಿಸುತ್ತಿದ್ದ. ಬದುಕಿದ್ದೇನೆಂದು ಪ್ರತಿ ನವೆಂಬರಿನಲ್ಲಿ ಪ್ರಮಾಣಪತ್ರ ಕೊಟ್ಟವರಿಗೇ ಪಿಂಚಣಿ ನಿರಾತಂಕವಾಗಿ ಬರುವ ಕಾಲದಲ್ಲಿ, ಸತ್ತು ಮರಳಿ ಬಂದ ಗೂಢಚಾರನ ಕಡತವನ್ನು ಯಾವ ಗುಮಾಸ್ತನೂ ಮುಟ್ಟಲಾರ!

ನಿಮ್ಮ ಮೊದಲ ಪ್ರಶ್ನೆಗೆ ಹೆಚ್ಚು ಸಮಾಧಾನಕರ ಉತ್ತರ ಕೊಡುವ ಸಿನಿಮಾ ಬೇರೊಂದಿದೆ. 2003ರಲ್ಲಿ ಆರಂಭವಾದ ರೋವನ್ ಅಟ್ಕಿನ್ಸನ್‌ರ ಜಾನಿ ಇಂಗ್ಲಿಷ್ ಸರಣಿಯ ಮೂರನೆಯದು, 2018ರ 'ಜಾನಿ ಇಂಗ್ಲಿಷ್ ಸ್ಟ್ರೈಕ್ಸ್ ಅಗೈನ್'. ಹಿಂದಿನ ಭಾಗಗಳಲ್ಲಿ ಇಲ್ಲದ ನಿವೃತ್ತಿಯನ್ನು ಇಲ್ಲಿ ಹೊಸದಾಗಿ ತಂದಿದ್ದಾರೆ: ಜಾನಿ ಈಗ ಶಾಲೆಯೊಂದರಲ್ಲಿ ಭೂಗೋಳದ ಮಾಸ್ತರ, ಪಾಠದ ಮರೆಯಲ್ಲಿ ಮಕ್ಕಳಿಗೆ ಗೂಢಚರ್ಯೆ ಕಲಿಸುತ್ತಿದ್ದಾನೆ. ಸೈಬರ್ ದಾಳಿಯಲ್ಲಿ ಸೇವೆಯಲ್ಲಿರುವ ಎಲ್ಲ ಗೂಢಚಾರರ ಹೆಸರು ಬಯಲಾದ್ದರಿಂದ, ಕಂಪ್ಯೂಟರಿನಲ್ಲಿ ಸಿಗದ ಹಳಬರನ್ನೇ ಕರೆಸಬೇಕಾಗುತ್ತದೆ. ಅಲ್ಲಿಂದ ಮುಂದೆ ಆತ ಮೊಬೈಲ್ ಬೇಡವೆಂದು ಹಳೆಯ ಆಸ್ಟನ್ ಮಾರ್ಟಿನ್ ಕಾರು ಹಿಡಿದು ಹೊರಡುವುದೂ ಕಥೆಯ ಒಳಗಿನ ಕಾರಣಕ್ಕೇ. ಆತ ಹಳಬನಾಗಿರುವುದು ಕೊನೆಯವರೆಗೂ ಕೆಲಸಕ್ಕೆ ಬರುತ್ತದೆ. ಕಥೆ ಮುಂದುವರಿದಂತೆ ಖರ್ಚಾಗುವುದಿಲ್ಲ. ಹಾಸ್ಯ ಕೆಲವು ಕಡೆ ತೀರಾ ಒರಟು, ಆದರೂ ಕಥೆ ಕಟ್ಟಿದ ಲೆಕ್ಕ 'ರೆಡ್ 2'ಗಿಂತ ಗಟ್ಟಿ.

ನಮ್ಮ ಕನ್ನಡ ಸಿನಿಮಾದ ಗೂಢಚಾರ ಸಿ.ಐ.ಡಿ. 999 ನಿವೃತ್ತಿಯ ಈ ತೊಂದರೆಗೆ ಸಿಕ್ಕಲೇ ಇಲ್ಲ. ದೊರೆ–ಭಗವಾನ್ ನಿರ್ದೇಶನದಲ್ಲಿ ರಾಜಕುಮಾರ್ 1968ರ 'ಜೇಡರ ಬಲೆ'ಯಿಂದ ಆರಂಭಿಸಿ ಅದೇ ವರ್ಷ ನಮ್ಮ ಗಡಿಯಾಚೆಯ ಗೋವಾಕ್ಕೂ ಹೋಗಿ, ಮರುವರ್ಷ ಇನ್ನೊಂದು ಕಾರ್ಯಾಚರಣೆ ಮುಗಿಸಿ, ಆಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'ಗೆ ಮರಳಿದಾಗ, ನಡುವಿನ ವರ್ಷಗಳು ಎಲ್ಲಿ ಹೋದವೆಂದು ಯಾರೂ ಕೇಳಲಿಲ್ಲ.

ನೋಡುವ ಕ್ರಮದ ಬಗ್ಗೆ ಒಂದು ಮಾತು: 'ರೆಡ್' ಮತ್ತು 'ರೆಡ್ 2' ಎರಡನ್ನೂ ಒಂದೇ ರಾತ್ರಿ ಬೆನ್ನುಬೆನ್ನಿಗೆ ನೋಡಬೇಡಿ, ಹೋಲಿಕೆಯಲ್ಲಿ ಎರಡನೆಯದಕ್ಕೆ ಅನ್ಯಾಯವಾಗುತ್ತದೆ, ಕೆಲವು ವಾರಗಳ ಅಂತರವಿರಲಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಜಾನಿಯನ್ನು ಅವರ ಜೊತೆ ನೋಡಿ, ಆಮ್ಲದ ದೃಶ್ಯವಿರುವ 'ರೆಡ್ 2' ಅವರು ಮಲಗಿದ ಮೇಲಿರಲಿ.